ಅತ್ತಲೂ ನಮ್ಮೋರೇ, ಇತ್ತಲೂ ನಮ್ಮೋರೇ!

ಒಲಿಂಪಿಕ್ಸ್ ಫುಟ್ಬಾಲಿನಲ್ಲಿ ಭಾರತ ಹೊಡೆದ ಮೊಟ್ಟಮೊದಲ ಗೋಲು ಯಾರದು, ಹೇಳಿ ನೋಡೋಣ?

1948ರ ಜುಲೈ 31. ಲಂಡನ್ನಿನ ಮಗ್ಗುಲಿನ ಇಲ್ಫರ್ಡ್ ಮೈದಾನ. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿಲ್ಲ. ಎದುರಿಗೆ ಬೂಟು ಬಿಗಿದು ನಿಂತ ಫ್ರಾನ್ಸ್. ನಮ್ಮ ಕಡೆ ಬಹಳಷ್ಟು ಮಂದಿ ಬರಿಗಾಲು, ಪಾದಕ್ಕೆ ಸುತ್ತಿಕೊಂಡ ಬಟ್ಟೆಪಟ್ಟಿಯೇ ರಕ್ಷೆ. ಫ್ರಾನ್ಸ್ ಒಂದು ಗೋಲು ಮುಂದೆ. 70ನೇ ನಿಮಿಷದಲ್ಲಿ ಚೆಂಡು ಬಲೆಯೊಳಗೆ! ಹೊಡೆದವರು ಸಾರಂಗಪಾಣಿ ರಾಮನ್. ನಮ್ಮ ಬೆಂಗಳೂರಿನ ಆಟಗಾರ!

ಸರಿ, ಅದೊಂದು ಆಕಸ್ಮಿಕ ಅಂತಲೇ ಇಟ್ಟುಕೊಳ್ಳಿ. ನಾಲ್ಕು ವರ್ಷ ಬಿಟ್ಟು 1952ರ ಹೆಲ್ಸಿಂಕಿಗೆ ಬನ್ನಿ. ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಹಿಗ್ಗಾಮುಗ್ಗಾ ಬಡಿದ ಪಂದ್ಯ ಅದು. ಆ ಹತ್ತರ ಎದುರು ನಿಂತ ಒಂದು ಇದೆಯಲ್ಲ, ಅದು ಯಾರದು? ಅಹಮದ್ ಖಾನ್ ಅವರದು. ಅವರ ಊರು? ಅದೂ ಬೆಂಗಳೂರು!

ಎರಡು ಒಲಿಂಪಿಕ್ಸ್, ದೇಶಕ್ಕೆ ದಕ್ಕಿದ್ದು ಎರಡೇ ಗೋಲು, ಎರಡೂ ಬೆಂಗಳೂರಿನ ಕಾಲುಗಳದ್ದು. ಇದು ನಮ್ಮ ಶಾಲೆಯ ಯಾವ ಪಾಠದಲ್ಲಿತ್ತು? ಹಾಸನದ ಬಸ್ ನಿಲ್ದಾಣದಲ್ಲಿ ಆಕಾಶನೀಲಿ-ಬಿಳಿ ಪಟ್ಟೆಯ ಅಂಗಿ ತೊಟ್ಟು, ಬೆನ್ನ ಮೇಲೆ 10 ಬರೆಸಿಕೊಂಡ ಹುಡುಗನನ್ನು ತಡೆದು ಕೇಳಿ. ಮೆಸ್ಸಿ ಹುಟ್ಟಿದ ಊರು ರೊಸಾರಿಯೊ ಎಂದು ತಟ್ಟನೆ ಹೇಳುತ್ತಾನೆ. ಬೋಕಾ ಜೂನಿಯರ್ಸ್‌ಗೂ ರಿವರ್ ಪ್ಲೇಟ್‌ಗೂ ಯಾಕೆ ಎಣ್ಣೆ-ಸೀಗೇಕಾಯಿ ಎಂಬುದನ್ನೂ ಕಣ್ಣರಳಿಸಿ ವಿವರಿಸುತ್ತಾನೆ. ಆದರೆ 180 ಕಿಲೋಮೀಟರ್ ಆಚೀಚೆ ಇರುವ ಬೆಂಗಳೂರಿನಲ್ಲಿ ಅದಕ್ಕೆ ಸರಿಸಾಟಿಯಾದ ಕಥೆಯೊಂದು ನೂರು ವರ್ಷದಿಂದ ನಡೆಯುತ್ತಿದೆ ಎಂದರೆ, "ಹೌದಾ ಅಣ್ಣಾ?" ಎನ್ನುತ್ತಾನೆ.

ಹೌದು ಕಣಪ್ಪ. ಆದರೆ ಮೊದಲು ನಿನ್ನ ಬೋಕಾದ ಕಥೆಯನ್ನೇ ನೋಡೋಣ. ಅಲ್ಲೇ ಒಂದು ಬೆರಗು ಕೂತಿದೆ.

ಬ್ಯೂನಸ್ ಐರಿಸ್ ಬಂದರಿನ ಪಕ್ಕದ ಕೇರಿಯ ಹೆಸರು ಲಾ ಬೋಕಾ. ಇಟಲಿಯ ಜಿನೋವಾದಿಂದ ಹಡಗು ಹತ್ತಿ ಬಂದವರ, ಹಮಾಲರ, ನಾವಿಕರ ಕೇರಿ. 1905ರ ಏಪ್ರಿಲ್‌ನಲ್ಲಿ ಅಲ್ಲಿನ ವಲಸಿಗರ ಮಕ್ಕಳು ಕಟ್ಟಿಕೊಂಡ ಕ್ಲಬ್ಬೇ ಬೋಕಾ ಜೂನಿಯರ್ಸ್. ಅಂಗಿಗೆ ಯಾವ ಬಣ್ಣ ಎಂಬ ಜಗ್ಗಾಟ ಬಂದಾಗ, ಬಂದರಿಗೆ ಮೊದಲು ಬರುವ ಹಡಗಿನ ಬಾವುಟದ ಬಣ್ಣವೇ ಆಗಲಿ ಎಂದುಕೊಂಡರಂತೆ. ಬಂದದ್ದು ಸ್ವೀಡನ್ನಿನ ಹಡಗು. ಆದ್ದರಿಂದ ಇವತ್ತಿಗೂ ನೀಲಿ-ಹಳದಿ. ಹಾಗಾದರೆ ಇವರ ಕಡುವೈರಿ ರಿವರ್ ಪ್ಲೇಟ್ ಎಲ್ಲಿಯದು? ಉತ್ತರ ಕೇಳಿ ನಾನಂತೂ ಕೂತಲ್ಲೇ ಎದ್ದು ನಿಂತೆ: ಅದೂ ಲಾ ಬೋಕಾದ್ದೇ! 1901ರಲ್ಲಿ ಅದೇ ಕೇರಿಯಲ್ಲಿ ಹುಟ್ಟಿ, ಆಮೇಲೆ ಊರಿನ ಉತ್ತರಕ್ಕೆ, ಸ್ಥಿತಿವಂತರ ಬಡಾವಣೆಗಳ ಕಡೆಗೆ ಗಂಟುಮೂಟೆ ಕಟ್ಟಿತು. 1930ರ ದಶಕದ ಆರಂಭದಲ್ಲಿ ದುಡ್ಡು ಚೆಲ್ಲಿ ಆಟಗಾರರನ್ನು ಕೊಂಡು 'ಕೋಟ್ಯಧಿಪತಿಗಳು' ಎಂಬ ಅಡ್ಡಹೆಸರು ಪಡೆಯಿತು. 1938ರಲ್ಲಿ ಮೊನುಮೆಂಟಲ್ ಎಂಬ ಭಾರೀ ಕ್ರೀಡಾಂಗಣ ಕಟ್ಟಿತು. ಬೋಕಾ ಅದೇ ಕೇರಿಯಲ್ಲಿ ಉಳಿದು 1940ರಲ್ಲಿ ಲಾ ಬೊಂಬೊನೆರಾ ಎಬ್ಬಿಸಿತು. ಅಲ್ಲಿ ಕೋಕಾ-ಕೋಲಾ ಜಾಹೀರಾತು ಕೂಡ ಕೆಂಪು-ಬಿಳಿಯಲ್ಲಿ ಇರುವಂತಿರಲಿಲ್ಲ, ಕಪ್ಪು-ಬಿಳಿಯಾಗಬೇಕಾಯಿತು ಎಂಬ ಮಾತು ಜಗತ್ಪ್ರಸಿದ್ಧ. ಯಾಕೆಂದರೆ ಕೆಂಪು-ಬಿಳಿ ರಿವರ್‌ನ ಬಣ್ಣ!

ಒಂದೇ ಮಣ್ಣಿನಲ್ಲಿ ಹುಟ್ಟಿದ ಹಗೆತನದ ರುಚಿಯನ್ನು ಹೊಳೆನರಸೀಪುರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಚ್.ಡಿ. ದೇವೇಗೌಡ ಮತ್ತು ಜಿ. ಪುಟ್ಟಸ್ವಾಮಿಗೌಡರ ಚುನಾವಣಾ ಸೆಣಸಾಟ ಒಂದೇ ತಾಲ್ಲೂಕಿನದು. 1999ರಲ್ಲಿ ಮಾಜಿ ಪ್ರಧಾನಿಯೇ ಹಾಸನದಲ್ಲಿ ಪುಟ್ಟಸ್ವಾಮಿಗೌಡರಿಗೆ ಸೋತರು. 2024ರಲ್ಲಿ ಅದೇ ಕ್ಷೇತ್ರದಲ್ಲಿ ಇಬ್ಬರ ಮೊಮ್ಮಕ್ಕಳೂ ಎದುರುಬದುರಾದರು. ಬೋಕಾ-ರಿವರ್ ಎಂದರೆ ಇದೇ, ಮತಗಟ್ಟೆಯ ಜಾಗದಲ್ಲಿ ಗೋಲುಪೆಟ್ಟಿಗೆ ಇರುತ್ತದೆ ಅಷ್ಟೆ.

ಈಗ ಚೆಂಡು ಅರ್ಜೆಂಟೀನಾಕ್ಕೆ ಹೋದದ್ದು ಹೇಗೆ? ರೈಲು ಹಳಿ ಹಾಕಲು ಹೋದ ಬ್ರಿಟಿಷರ ಜೊತೆ. ರೊಸಾರಿಯೊ ಸೆಂಟ್ರಲ್ ಎಂಬ ಕ್ಲಬ್ಬನ್ನು 1889ರಲ್ಲಿ ಕಟ್ಟಿದವರೇ ರೈಲ್ವೆ ನೌಕರರು. ನಮ್ಮಲ್ಲಿಗೆ? ದಂಡಿನ ಜೊತೆ! ಬೆಂಗಳೂರಿನ ದಂಡು ಪ್ರದೇಶದಲ್ಲಿ ಬಿಳಿ ಪಟಾಲಮ್ಮುಗಳು ಸಂಜೆ ಚೆಂಡು ಒದೆಯುತ್ತಿದ್ದರೆ, ಹಲಸೂರು, ಶಿವಾಜಿನಗರ, ಮರ್ಫಿ ಟೌನ್, ಆಸ್ಟಿನ್ ಟೌನ್‌ಗಳ ಹುಡುಗರು ಗೆರೆಯಾಚೆ ನಿಂತು ನೋಡಿ ಕಲಿತರು. ಕನ್ನಡ, ತಮಿಳು, ಉರ್ದು, ತೆಲುಗು ಎಲ್ಲ ಕಲಸಿಹೋದ ಓಣಿಗಳು ಅವು. ಬೂಟಿಗೆ ಕಾಸಿಲ್ಲ, ಬರಿಗಾಲೇ ಗತಿ. ಆ ಬರಿಗಾಲೇ ಚೆಂಡಿನ ಮೈ ತಡವಿ ತಡವಿ ಬೇರೆಯದೇ ಒಂದು ಆಟ ಕಲಿಯಿತು: ಚಿಕ್ಕ ಚಿಕ್ಕ ಪಾಸು, ಸೊಂಟದ ತಿರುವು, ಮೈಗೆ ಮೈ ತಾಗಿಸದೆ ನುಣುಚಿಕೊಳ್ಳುವ ಜಾಣ್ಮೆ. ಮುಂದೆ ಗಿರಣಿಗಳು ಬಂದವು, ಆಮೇಲೆ ಎಚ್‌ಎಎಲ್, ಐಟಿಐಗಳು. ಪ್ರತಿ ಕಾರ್ಖಾನೆಗೂ ಒಂದು ತಂಡ, ಆಟ ಚೆನ್ನಾಗಿದ್ದರೆ ಕೆಲಸ ಖಾಯಂ. ಹಲಸೂರಿನ ಬಳಿಯ ಗೌತಮಪುರಕ್ಕೆ ಹೋದರೆ ಇವತ್ತಿಗೂ ಪೆಲೆಯ ಪ್ರತಿಮೆ ಕಾಣುತ್ತದೆ. ಅವನ ಜೊತೆಗೆ ಅಂಬೇಡ್ಕರ್, ಬುದ್ಧ ಮತ್ತು ಮದರ್ ತೆರೇಸಾ! (ಹಾಸನದ ಅರ್ಜೆಂಟೀನಾ ಅಭಿಮಾನಿಗಳು ಅಲ್ಲಿಗೆ ಹೋಗುವಾಗ ಅಂಗಿ ಬದಲಿಸಿಕೊಂಡು ಹೋಗುವುದು ಕ್ಷೇಮ. ಅದು ಬ್ರೆಜಿಲ್ ಸೀಮೆ.)

ಈ ಓಣಿಗಳ ಬೆಂಗಳೂರಿನಿಂದ ಎದ್ದು ಬಂದದ್ದು ಬೆಂಗಳೂರು ಮುಸ್ಲಿಮ್ಸ್ ಎಂಬ ಕ್ಲಬ್.

1911ರಲ್ಲಿ ಮೋಹನ್ ಬಗಾನ್ ಬರಿಗಾಲಲ್ಲಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದದ್ದು ಎಲ್ಲರಿಗೂ ಗೊತ್ತು. ಬಂಗಾಳಿಗಳು ಅದನ್ನು ಮರೆಯಲು ಬಿಟ್ಟಿಲ್ಲ, ಬಿಡಲೂಬಾರದು. ಆದರೆ ಮುಂಬಯಿಯ ರೋವರ್ಸ್ ಕಪ್ ಕಥೆ? 1891ರಲ್ಲಿ ಶುರುವಾದ ಪಂದ್ಯಾವಳಿ ಅದು. ವರ್ಷದ ಮೇಲೆ ವರ್ಷ, ದಶಕದ ಮೇಲೆ ದಶಕ, ಕಪ್ಪು ಹೋದದ್ದೆಲ್ಲ ಬಿಳಿಯರ ಪಟಾಲಮ್ಮಿಗೇ. 45 ವರ್ಷ ದಾಟಿದರೂ ಒಬ್ಬ ಭಾರತೀಯನ ಕೈಗೂ ಆ ಕಪ್ಪು ಸಿಕ್ಕಿರಲಿಲ್ಲ. 1937ರಲ್ಲಿ ಆ ಕೋಟೆ ಒಡೆದವರು ಕಲ್ಕತ್ತೆಯವರಲ್ಲ, ಬೊಂಬಾಯಿಯವರೂ ಅಲ್ಲ. ಬೆಂಗಳೂರು ಮುಸ್ಲಿಮ್ಸ್!

ಫೈನಲಿನಲ್ಲಿ ಅವರೆದುರು ಇದ್ದದ್ದು ಯಾರು ಗೊತ್ತೆ? ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್. ಆಗ ಅದು ಸೋಲೇ ಗೊತ್ತಿಲ್ಲದಂತೆ ಆಡುತ್ತಿದ್ದ ತಂಡ. 1934ರಿಂದ 1938ರವರೆಗೆ ಸತತ ಐದು ಸಲ ಕಲ್ಕತ್ತಾ ಲೀಗ್, 1936ರಲ್ಲಿ ಐಎಫ್‌ಎ ಶೀಲ್ಡ್. ಅಂಥವರನ್ನು ಬೆಂಗಳೂರು 1-0ಯಿಂದ ಕೆಡವಿತು. ಇದರಲ್ಲಿ ಇನ್ನೊಂದು ತಮಾಷೆ ಅಡಗಿದೆ. ಮೊಹಮ್ಮಡನ್ ಆ ಮಟ್ಟಕ್ಕೇರಿದ್ದೇ ದೇಶದ ಮೂಲೆಮೂಲೆಯಿಂದ ಆಟಗಾರರನ್ನು ಕರೆತಂದು. ಹಾಗೆ ಬಂದವರಲ್ಲಿ ಬೆಂಗಳೂರಿನವರೂ ಇದ್ದರು! ಅದೇ ದಶಕದಲ್ಲಿ ಈಸ್ಟ್ ಬೆಂಗಾಲಿನ ಮುಂಪಡೆಯಲ್ಲಿ ಬೆಂಗಳೂರಿನಿಂದ ಹೋದ ಲಕ್ಷ್ಮೀನಾರಾಯಣ, ಮುರ್ಗೇಶ್ ಮಿಂಚುತ್ತಿದ್ದರು. ಕಲ್ಕತ್ತೆಯ ಗ್ಯಾಲರಿ ಚಪ್ಪಾಳೆ ತಟ್ಟುತ್ತಿದ್ದುದು ನಮ್ಮ ಓಣಿಯ ಕಾಲುಗಳಿಗೆ.

ಮರುವರ್ಷ, 1938. ಮತ್ತೆ ರೋವರ್ಸ್, ಮತ್ತೆ ಫೈನಲ್. ಈ ಸಲ ಎದುರಾಳಿ ಆರ್ಗೈಲ್ ಅಂಡ್ ಸದರ್ಲ್ಯಾಂಡ್ ಹೈಲ್ಯಾಂಡರ್ಸ್, ಸ್ಕಾಟ್ಲೆಂಡಿನ ಗಟ್ಟಿಮುಟ್ಟು ಪಟಾಲಮ್ಮು. 3-2! ಮತ್ತೆ ಬೆಂಗಳೂರು! ಮೊದಲ ವರ್ಷ ಯಾರಾದರೂ ಅದೃಷ್ಟ ಎಂದಿದ್ದರೆ, ಈ ಸಲ ಬಾಯಿ ಮುಚ್ಚಿರಬೇಕು.

ಮೊಹಮ್ಮಡನ್ ಸುಮ್ಮನಿರುತ್ತದೆಯೆ? 1940ರಲ್ಲಿ ಅದೇ ರೋವರ್ಸ್ ಫೈನಲಿನಲ್ಲಿ ಇಬ್ಬರೂ ಮತ್ತೆ ಮುಖಾಮುಖಿ. ಅದೇ 1-0, ಆದರೆ ಈ ಬಾರಿ ಗೆದ್ದದ್ದು ಕಲ್ಕತ್ತೆ. ಸೇಡು ತೀರಿತು, ಲೆಕ್ಕ ಸಮ. 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮೂರನೇ ಸಲ ಕಪ್ಪು ಎತ್ತಿತು. ಮೂರು ರೋವರ್ಸ್ ಕಪ್ ಗೆದ್ದ ಕ್ಲಬ್ಬಿನ ಬಗ್ಗೆ ಒಂದು ಸಿನಿಮಾ ಇಲ್ಲ, ಒಂದು ವೃತ್ತಕ್ಕೆ ಹೆಸರಿಲ್ಲ. ಇದೇ ಬೋಕಾ ಆಗಿದ್ದರೆ ಕೇರಿಯ ಗೋಡೆಗೋಡೆಯ ಮೇಲೂ ಅವರ ಚಿತ್ರ ಇರುತ್ತಿತ್ತು.

ಇನ್ನು ರಾಜ್ಯದ ಹೆಸರಿನ ಕದನಕ್ಕೆ ಬರೋಣ. ಇಲ್ಲಿ ಹಾಸನವೂ ಚನ್ನರಾಯಪಟ್ಟಣವೂ ಪಾಲುದಾರರು! ಯಾಕೆಂದರೆ ಆ ತಂಡದ ಎದೆಯ ಮೇಲಿದ್ದದ್ದು 'ಮೈಸೂರು', ನಮ್ಮ ಜಿಲ್ಲೆ ಇದ್ದದ್ದು ಆ ಮೈಸೂರಿನಲ್ಲೇ. 1941ರಲ್ಲಿ ಶುರುವಾದ ಸಂತೋಷ್ ಟ್ರೋಫಿಯೇ ಬಂಗಾಳದ ಕೂಸು, ಸಂತೋಷ್ ಎಂಬುದು ಅಲ್ಲಿನ ಒಂದು ಜಮೀನ್ದಾರಿ ಸಂಸ್ಥಾನ. ತಮ್ಮ ಟ್ರೋಫಿ ತಮ್ಮ ಮನೆಯಲ್ಲೇ ಇರಬೇಕೆಂದು ಬಂಗಾಳಕ್ಕೆ ಅನಿಸಿದ್ದರೆ ತಪ್ಪಿಲ್ಲ. 1946-47ರಲ್ಲಿ ಮೈಸೂರು ಅದನ್ನು ಕಸಿದುಕೊಂಡಿತು. ಫೈನಲಿನಲ್ಲಿ ಸೋತದ್ದು ಬಂಗಾಳ. 1952-53ರಲ್ಲಿ ಮತ್ತೆ ಮೈಸೂರು, ಮತ್ತೆ ಸೋತದ್ದು ಬಂಗಾಳ. 1967-68, ಮತ್ತೆ ಬಂಗಾಳ! 1968-69, ಮತ್ತೆ ಬಂಗಾಳ!! ಮೈಸೂರು ಗೆದ್ದದ್ದು ನಾಲ್ಕು ಸಲ, ನಾಲ್ಕೂ ಫೈನಲಿನಲ್ಲಿ ಎದುರಾಳಿ ಒಬ್ಬರೇ. ಕ್ರಿಕೆಟ್ಟಿನಲ್ಲಿ ನಾವು ಮುಂಬಯಿಯನ್ನು ಎದುರಾಳಿ ಎನ್ನುತ್ತೇವೆ. ಕಾಲ್ಚೆಂಡಿನಲ್ಲಿ ಆ ಜಾಗ ಬಂಗಾಳದ್ದು.

ಆದರೆ ಈ ಹಗೆತನದ ಹೊಟ್ಟೆಯೊಳಗೆ ಕೈ ಹಾಕಿದರೆ ಸಿಗುವುದು ಏನು? ನೆಂಟಸ್ತನ!

1949ರಿಂದ ಕೆಲವು ವರ್ಷ ಈಸ್ಟ್ ಬೆಂಗಾಲಿನ ಮುಂಪಡೆಯಲ್ಲಿ ಆಡಿದ ಐವರನ್ನು ಕಲ್ಕತ್ತೆ 'ಪಂಚ ಪಾಂಡವರು' ಎಂದು ಕರೆಯಿತು. ಅಹಮದ್ ಖಾನ್, ಧನರಾಜ್, ವೆಂಕಟೇಶ್, ಅಪ್ಪಾರಾವ್, ಸಾಲೆ. ಹೆಸರು ಇನ್ನೊಮ್ಮೆ ಓದಿ. ಬಂಗಾಳಿ ಹೆಸರು ಒಂದಾದರೂ ಕಂಡಿತೆ? ಐವರೂ ದಕ್ಷಿಣದವರು! ಅದರಲ್ಲಿ ಅಹಮದ್ ಖಾನ್, ಧನರಾಜ್ ನಮ್ಮ ಬೆಂಗಳೂರಿನವರು, ಇಬ್ಬರೂ 1948ರ ಒಲಿಂಪಿಕ್ಸಿಗೆ ಹೋದವರು. ಈ ಪಾಂಡವರ ಕಾಲದಲ್ಲಿ ಈಸ್ಟ್ ಬೆಂಗಾಲ್ 1949, 1950, 1951 ಮೂರು ವರ್ಷ ಸತತವಾಗಿ ಐಎಫ್‌ಎ ಶೀಲ್ಡ್ ಗೆದ್ದಿತು. ಅಹಮದ್ ಖಾನ್ ಚೆಂಡನ್ನು ಆಡಿಸುವ ಬಗೆ ಕಂಡು ಜನ ಅವರನ್ನು ಹಾವಾಡಿಗ ಎಂದರು. 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಚಿನ್ನ ಗೆದ್ದಾಗಲೂ ಅವರು ತಂಡದಲ್ಲಿದ್ದರು.

ಆಚೆ ಮೋಹನ್ ಬಗಾನ್ ಪಾಳಯದಲ್ಲಿ? ಅಲ್ಲಿ ಕೆಂಪಯ್ಯ! ಹೌದು, ಅರಕಲಗೂಡು ಸಂತೆಯಲ್ಲಿ ನಿಂತು ಕೂಗಿದರೆ ಇಬ್ಬರು ಮೂವರಾದರೂ ತಿರುಗಿ ನೋಡುವಂಥ ಹೆಸರು. ಬೆಂಗಳೂರಿನ ಈ ಹಾಫ್‌ಬ್ಯಾಕ್ 1956ರ ಮೆಲ್ಬರ್ನ್ ಮತ್ತು 1960ರ ರೋಮ್, ಎರಡೂ ಒಲಿಂಪಿಕ್ಸಿನ ಭಾರತ ತಂಡದಲ್ಲಿದ್ದರು. ಮೆಲ್ಬರ್ನಿನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ನಾಲ್ಕನೇ ಸ್ಥಾನಕ್ಕೆ ಬಂತು. ಅಷ್ಟು ಎತ್ತರಕ್ಕೆ ನಾವು ಆಮೇಲೆ ಏರಿಲ್ಲ.

ಅಂದರೆ ಈಸ್ಟ್ ಬೆಂಗಾಲ್-ಮೋಹನ್ ಬಗಾನ್ ಎಂಬ, ಕಲ್ಕತ್ತೆಯನ್ನು ಇಬ್ಭಾಗ ಮಾಡುವ ಆ ಮಹಾಕದನದಲ್ಲಿ ಕೆಂಪು-ಚಿನ್ನದ ಅಂಗಿಯೊಳಗೂ ನಮ್ಮೋರು, ಹಸಿರು-ಮರೂನ್ ಅಂಗಿಯೊಳಗೂ ನಮ್ಮೋರು. ಇತ್ತ ಮೈಸೂರಿನ ಅಂಗಿ ತೊಟ್ಟು ಬಂಗಾಳವನ್ನು ಬಡಿಯುತ್ತಿದ್ದವರೂ ನಮ್ಮೋರು! ಕಾರಣ ಸರಳ. ಕಲ್ಕತ್ತೆಯಲ್ಲಿ ದೊಡ್ಡ ಲೀಗ್ ಇತ್ತು, ಮೈದಾನ ತುಂಬುವ ಜನ ಇದ್ದರು, ಕೈಗೆ ನಾಲ್ಕು ಕಾಸು ಸಿಗುತ್ತಿತ್ತು. ಬೆಂಗಳೂರಿನಲ್ಲಿ ಇದ್ದದ್ದು ಕಾಲು ಮಾತ್ರ.

ಅರ್ಜೆಂಟೀನಾದಲ್ಲೂ ಇದೇ ಕಥೆ. ಲೂಯಿಸ್ ಮೊಂಟಿ 1930ರ ವಿಶ್ವಕಪ್ ಫೈನಲಿನಲ್ಲಿ ಆಡಿದ್ದು ಅರ್ಜೆಂಟೀನಾಕ್ಕೆ, 1934ರ ಫೈನಲಿನಲ್ಲಿ ಆಡಿದ್ದು ಇಟಲಿಗೆ! ಇನ್ನೂ ಮಜವಾದವರು ರಿಕಾರ್ಡೊ ಗರೇಕಾ. 1984ರಲ್ಲಿ ನೆಹರೂ ಕಪ್ ಆಡಲು ಅರ್ಜೆಂಟೀನಾ ಕಲ್ಕತ್ತೆಗೆ ಬಂದಿತ್ತು. ಭಾರತ ಕೊನೆಯ ಹತ್ತು ನಿಮಿಷದ ಅಂಚಿನವರೆಗೂ ಗೋಲು ಬಿಡದೆ ಎದೆಯೊಡ್ಡಿ ನಿಂತಿತ್ತು. ಆಗ ಗರೇಕಾ ಒಂದು ಹೊಡೆದರು, 1-0. ಅವರು ಆಗ ಬೋಕಾದ ಆಟಗಾರ. ಮರುವರ್ಷ ಎಲ್ಲಿಗೆ ಹೋದರು? ರಿವರ್ ಪ್ಲೇಟ್‌ಗೆ! ಬೋಕಾ ಅಭಿಮಾನಿಗಳ ಹೊಟ್ಟೆಗೆ ಕಿಚ್ಚು ಬಿತ್ತು. ಅಷ್ಟಕ್ಕೇ ನಿಲ್ಲಲಿಲ್ಲ. 1985ರಲ್ಲಿ ಪೆರುವಿನ ವಿಶ್ವಕಪ್ ಕನಸಿಗೆ ಪೆಟ್ಟು ಕೊಟ್ಟ ಗೋಲು ಇದೇ ಗರೇಕಾ ಅವರದು. 33 ವರ್ಷಗಳ ನಂತರ ಪೆರುವನ್ನು 2018ರ ವಿಶ್ವಕಪ್ಪಿಗೆ ಕರೆದೊಯ್ದ ಕೋಚ್ ಯಾರು? ಅವರೇ! ಕಲ್ಕತ್ತೆಯ ಹುಲ್ಲು ತುಳಿದು ಹೋದವರಿಗೆ ಗೆರೆ ದಾಟುವ ಚಾಳಿ ಅಂಟುತ್ತದೋ ಏನೋ.

1969ರ ನಂತರ ಬೆಂಗಳೂರಿನ ಕಥೆ ತೆಳ್ಳಗಾಯಿತು. ಆಟಗಾರರು ಬಂದರು, ಹೋದರು, ಕ್ರಿಕೆಟ್ ಎಲ್ಲವನ್ನೂ ನುಂಗಿತು. ಸಂತೋಷ್ ಟ್ರೋಫಿ ಮತ್ತೆ ನಮ್ಮ ಕೈಗೆ ಬರಲು 54 ವರ್ಷ ಹಿಡಿಯಿತು. 2023ರ ಮಾರ್ಚ್ 4ರಂದು ಮೇಘಾಲಯದ ಮೇಲೆ 3-2. ಆಡಿದ್ದು ಎಲ್ಲಿ? ಸೌದಿ ಅರೇಬಿಯದ ರಿಯಾದ್‌ನಲ್ಲಿ! ನಮ್ಮ ರಾಜ್ಯಗಳ ನಡುವಿನ ಫೈನಲನ್ನು ಸಮುದ್ರದಾಚೆ ಹೊತ್ತೊಯ್ದ ಬುದ್ಧಿವಂತಿಕೆಯನ್ನು ನಾನಂತೂ ಮೆಚ್ಚಲಾರೆ. ಆದರೆ ಬೋಕಾ-ರಿವರ್‌ಗೂ ಈ ಗತಿ ತಪ್ಪಲಿಲ್ಲ. 2018ರ ಲಿಬರ್ತಾದೋರೆಸ್ ಫೈನಲಿಗೆ ಮುನ್ನ ಬೋಕಾ ಬಸ್ಸಿನ ಮೇಲೆ ದಾಳಿಯಾಗಿ, ಪಂದ್ಯವನ್ನು ಡಿಸೆಂಬರ್ 9ರಂದು ಮ್ಯಾಡ್ರಿಡ್‌ನಲ್ಲಿ ಆಡಿಸಿದರು. ರಿವರ್ 3-1ರಿಂದ ಗೆದ್ದಿತು. ಸ್ಪೇನಿನಿಂದ ದೇಶಗಳನ್ನು ಬಿಡಿಸಿದ ವೀರರ ಹೆಸರಿನ ಕಪ್ಪಿನ ಕೊನೇ ಪಂದ್ಯ ಸ್ಪೇನಿನಲ್ಲೇ!

ಹಳೆಯ ಕದನ ಮುಗಿಯಿತು ಅಂದುಕೊಂಡಿರಾ? 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಅದರ ಮೊದಲ ಐ-ಲೀಗ್ ಪಂದ್ಯದ ಎದುರಾಳಿಯಾಗಿ ಬಂದದ್ದು ಸಾಕ್ಷಾತ್ ಮೋಹನ್ ಬಗಾನ್! 1-1. ಹುಟ್ಟಿದ ವರ್ಷವೇ ಬೆಂಗಳೂರು ಲೀಗ್ ಗೆದ್ದಿತು. 2015ರ ಮೇ 31, ಕಂಠೀರವ ಕ್ರೀಡಾಂಗಣ, ಲೀಗಿನ ಕಟ್ಟಕಡೆಯ ಪಂದ್ಯ. ಬೆಂಗಳೂರಿಗೆ ಗೆಲುವೇ ಬೇಕು, ಬಗಾನ್‌ಗೆ ಡ್ರಾ ಸಾಕು. ಬೆಂಗಳೂರು 1-0 ಮುಂದೆ. ಇನ್ನೇನು ಮೂರು ನಿಮಿಷ... ಬಗಾನ್‌ನ ಬೆಲ್ಲೊ ರಜಾಕ್ ತಲೆ ಎತ್ತಿದ, ಚೆಂಡು ಒಳಗೆ ಹೋಯಿತು, ಪ್ರಶಸ್ತಿ ಕಲ್ಕತ್ತೆಗೆ ಹೋಯಿತು. 2017ರ ಫೆಡರೇಷನ್ ಕಪ್ ಫೈನಲಿನಲ್ಲಿ ಕಟಕ್‌ನಲ್ಲಿ ಬೆಂಗಳೂರು 2-0ಯಿಂದ ಸೇಡು ತೀರಿಸಿಕೊಂಡಿತು. 2023ರ ಐಎಸ್‌ಎಲ್ ಫೈನಲ್, ಗೋವಾ: 2-2, ಪೆನಾಲ್ಟಿಯಲ್ಲಿ ಬಗಾನ್. 2025ರ ಐಎಸ್‌ಎಲ್ ಫೈನಲ್, ಕಲ್ಕತ್ತೆ: ಬೆಂಗಳೂರು ಮುಂದಿತ್ತು, ಹೆಚ್ಚುವರಿ ಸಮಯದಲ್ಲಿ 2-1, ಮತ್ತೆ ಬಗಾನ್! ಇದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಬೆಂಗಳೂರು ಅಭಿಮಾನಿ ಬಳಗದ ಹುಡುಗರ ಗಂಟಲು ಇನ್ನೂ ಕೂತಿಲ್ಲ.

ಈ ಸೋಲು-ಗೆಲುವಿನ ನಟ್ಟನಡುವೆ ಸುನಿಲ್ ಛೆಟ್ರಿ, ಹೆಚ್ಚುಕಮ್ಮಿ ಬೆಂಗಳೂರಿನವರೇ ಆಗಿಹೋದವರು. ಅವರು ದೊಡ್ಡ ಆಟಕ್ಕೆ ಕಾಲಿಟ್ಟದ್ದು 2002ರಲ್ಲಿ, ಮೋಹನ್ ಬಗಾನ್ ಅಂಗಿಯಲ್ಲೇ. ಅವರಿಗೆ ಹೆಣ್ಣು ಕೊಟ್ಟ ಮಾವ ಸುಬ್ರತ ಭಟ್ಟಾಚಾರ್ಯ, ಅದೇ ಬಗಾನ್‌ನ ದಂತಕಥೆ! ಮಾವನ ಮನೆ ಆಚೆ, ಅಳಿಯನ ಅಂಗಿ ಈಚೆ. ಲಕ್ಷ್ಮೀನಾರಾಯಣ, ಅಹಮದ್ ಖಾನ್, ಕೆಂಪಯ್ಯ ತುಳಿದ ದಾರಿಯನ್ನು ಛೆಟ್ರಿ ಹಿಮ್ಮುಖವಾಗಿ ತುಳಿದರು, ಅಷ್ಟೇ ವ್ಯತ್ಯಾಸ.

ಬಗಾನ್ ಇನ್ನೊಮ್ಮೆ ಕಂಠೀರವಕ್ಕೆ ಬಂದಾಗ ನೋಡಬೇಕೆನ್ನುವ ಹಾಸನದವರಿಗೆ 2017ರಿಂದ ಶ್ರವಣಬೆಳಗೊಳ, ಕುಣಿಗಲ್ ಮೇಲೆ ನೇರ ರೈಲು ಹಾದಿಯಿದೆ. ಚನ್ನರಾಯಪಟ್ಟಣದವರು ನಡುವೆ ಹತ್ತಿಕೊಳ್ಳಬಹುದು. ಹೊಳೆನರಸೀಪುರದವರ ಹಳಿ ಮೈಸೂರಿನ ಕಡೆಯದು, ಅವರು ಹಾಸನಕ್ಕೆ ಬರಬೇಕು, ಇಲ್ಲವೇ ಬಸ್ಸು ಹಿಡಿಯಬೇಕು. ಅರಕಲಗೂಡಿಗಂತೂ ರೈಲೇ ಇಲ್ಲ. ಆದರೆ ಕೊಣನೂರು, ಕುಶಾಲನಗರ ದಾಟಿದರೆ ಕೊಡಗಿನ ಸುಂಟಿಕೊಪ್ಪ ಸಿಗುತ್ತದೆ. ಗೋಲ್ಡ್ ಕಪ್ ಫುಟ್ಬಾಲ್ ಪಂದ್ಯಾವಳಿ ನಡೆಸುವ ಊರು ಅದು. ಬೆಂಗಳೂರಿಗೆ ಮೊದಲು ಅಲ್ಲಿಗೇ ಒಂದು ಸಲ ಹೋಗಿಬನ್ನಿ.